ಸಿಂಗಳೀಕ ಅಂದರೆ ಯಾವ ಮಂಗ?

ಕಪ್ಪು ಮುಖದ ಯಾವ ಮಂಗ ಕಂಡರೂ ‘ಸಿಂಗಳೀಕ’ ಅನ್ನುವವರು ಬಹಳ ಜನ. ಬೂದು ಮೈ, ಉದ್ದ ಬಾಲ ಇದ್ದರೆ ಅದು ಮುಸುವ. ಸಿಂಗಳೀಕಕ್ಕೆ ಮೈಯೆಲ್ಲ ಕಪ್ಪು, ಮುಖದ ಸುತ್ತ ಬೆಳ್ಳಿ ಬಣ್ಣದ ಕೂದಲು. ಆ ಕೂದಲು ನೋಡಿಯೇ ಇಂಗ್ಲಿಷಿನವರು ಸಿಂಹದ ಹೆಸರಿಟ್ಟರು ಅಂದುಕೊಳ್ಳುತ್ತೇವೆ, ಅಲ್ವಾ? ಅವರು ನೋಡಿದ್ದು ಬಾಲವನ್ನು, ಇಟ್ಟ ಹೆಸರು ‘ಲಯನ್-ಟೇಲ್ಡ್ ಮಕಾಕ್’, ಅಂದರೆ ಸಿಂಹದ ಬಾಲದ ಮಂಗ. ಗಿಡ್ಡ ಬಾಲದ ತುದಿಯಲ್ಲಿ ಸಿಂಹಕ್ಕಿರುವಂಥದ್ದೇ ಕುಚ್ಚು ಇದೆ.

ಮುಸುವಕ್ಕಿಂತ ಇದಕ್ಕೆ ಹತ್ತಿರದ ನೆಂಟ ತಲೆಯ ಮೇಲೆ ಟೋಪಿ ಇಟ್ಟಂತೆ ಕೂದಲಿರುವ ನಮ್ಮ ಮಾಮೂಲಿ ಕೋತಿ. ಎರಡೂ ಮಕಾಕ್ ಗುಂಪಿನವು. ಸಿಕ್ಕಿದ ಹಣ್ಣನ್ನು ಕೆನ್ನೆಯ ಚೀಲದಲ್ಲಿ ತುಂಬಿಕೊಂಡು ಹೋಗುತ್ತವೆ. ಮುಸುವಕ್ಕೆ ಆ ಚೀಲವೇ ಇಲ್ಲ.

ಯಾವ ಜೀವಿಗೆ ಅಳಿವಿನ ಅಪಾಯ ಎಷ್ಟಿದೆ ಅಂತ ಹೇಳುವ, ಐಯುಸಿಎನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಕೆಂಪು ಪಟ್ಟಿಯಲ್ಲಿ ಸಿಂಗಳೀಕ ‘ಎಂಡೇಂಜರ್ಡ್’, ಅಂದರೆ ಅಳಿವಿನ ಅಪಾಯದಲ್ಲಿರುವ ಪ್ರಾಣಿ. ಇರುವುದು ಕರ್ನಾಟಕ, ಕೇರಳ, ತಮಿಳುನಾಡಿನ ಪಶ್ಚಿಮ ಘಟ್ಟದಲ್ಲಿ ಮಾತ್ರ. ಬೆಳೆದ ಸಿಂಗಳೀಕಗಳು ಸುಮಾರು 2,500 ಎಂಬುದು ಅಂದಾಜು. ಇದು ಮರದ ಮೇಲಿನ ಜೀವ, ನೆಲಕ್ಕೆ ಇಳಿಯುವುದು ತೀರಾ ಕಡಿಮೆ. ಕೊಂಬೆಗೆ ಕೊಂಬೆ ತಾಗಿರಬೇಕು. ಕಾಡಿನ ನಡುವೆ ಒಂದು ರಸ್ತೆಯೋ ವಿದ್ಯುತ್ ಲೈನೋ ಬಂದರೆ ಸಾಕು, ಹಿಂಡಿನ ದಾರಿಯೇ ಕಡಿದುಹೋಗುತ್ತದೆ. ಹೆಣ್ಣು ಒಂದು ಸಲಕ್ಕೆ ಹೆರುವುದು ಸಾಮಾನ್ಯವಾಗಿ ಒಂದೇ ಮರಿ, ಮುಂದಿನದಕ್ಕೆ ಎರಡು ಮೂರು ವರ್ಷ ಬೇಕು. ಹೀಗಾಗಿ ಒಮ್ಮೆ ಕಡಿಮೆಯಾದ ಹಿಂಡು ಬೇಗ ತುಂಬುವುದಿಲ್ಲ. ಘಟ್ಟದ ಉತ್ತರದಲ್ಲಿ ಇವುಗಳ ಕೊನೆಯ ನೆಲೆ ಶರಾವತಿ, ಅಘನಾಶಿನಿ ಕಣಿವೆಗಳು. ಅಲ್ಲಿ ಇವಕ್ಕೆ ಇಷ್ಟವಾದ ಉಪ್ಪಾಗೆ ಹಣ್ಣನ್ನು ಜನರೂ ಕೊಯ್ಯುತ್ತಾರೆ. 2019ರಲ್ಲಿ ಶರಾವತಿ ಕಣಿವೆಯನ್ನು ಸಿಂಗಳೀಕ ಅಭಯಾರಣ್ಯ ಎಂದೇ ಘೋಷಿಸಿದ್ದು ನನಗೆ ತುಂಬಾ ಸಮಾಧಾನ ಕೊಟ್ಟ ಸಂಗತಿ.

ಇನ್ನು ಕೋತಿ. ಅದೂ ಕೆಂಪು ಪಟ್ಟಿಯಲ್ಲಿ ಒಂದೇ ಮೆಟ್ಟಿಲು ಕೆಳಗೆ, ‘ವಲ್ನರಬಲ್’, ಅಂದರೆ ಅಪಾಯಕ್ಕೆ ಸಿಲುಕಬಹುದಾದ ಪ್ರಾಣಿಗಳ ಸಾಲಿನಲ್ಲಿದೆ. ಎಲ್ಲೆಲ್ಲೂ ಕಾಣುವ ಕೋತಿಗೆ ಎಂಥ ಅಪಾಯ ಅಂತ ಕೇಳಬಹುದು. ಈ ಪಟ್ಟಿ ಈಗ ಎಷ್ಟಿವೆ ಅಂತ ಮಾತ್ರ ನೋಡುವುದಿಲ್ಲ, ಎಷ್ಟು ಬೇಗ ಕಡಿಮೆಯಾಗುತ್ತಿವೆ ಅಂತಲೂ ನೋಡುತ್ತದೆ. ಮೂರು ತಲೆಮಾರಿನಲ್ಲಿ ಶೇ 30ರಷ್ಟು ಇಳಿದರೂ ‘ವಲ್ನರಬಲ್’ ಆಗಬಹುದು. ರಸ್ತೆ ಅಗಲ ಮಾಡಲು ಸಾಲುಮರ ಕಡಿದಾಗ ಅಲ್ಲಿದ್ದ ಹಿಂಡು ಸುಮ್ನೆ ಇಲ್ಲವಾಗುತ್ತದೆ. ಕೋತಿಯ ನೆಲೆ ದಕ್ಷಿಣ ಭಾರತ ಮಾತ್ರ, ಬೇರೆಲ್ಲೂ ಇಲ್ಲ. ಅಲ್ಲಿಗೂ ಉತ್ತರದಿಂದ ರೀಸಸ್ ಕೋತಿಗಳು ಮೆಲ್ಲಗೆ ಇಳಿದು ಬರುತ್ತಿವೆ, ಅವು ಬಂದ ಕಡೆ ನಮ್ಮ ಕೋತಿ ಜಾಗ ಬಿಡುತ್ತಿದೆ.