ತಾನೇ ನಿಲ್ಲುವ ಕಾರು ಜಾಗ ಅಳೆಯುವುದು ಹೇಗೆ?

ಪಾರ್ಕಿಂಗ್ ಅಸಿಸ್ಟ್, ಅಂದರೆ ಖಾಲಿ ಜಾಗ ಹುಡುಕಿ ತಾನೇ ಪಾರ್ಕ್ ಮಾಡುವ ವ್ಯವಸ್ಥೆ ಇರುವ ಕಾರಿನ ಬಂಪರನ್ನು ಹತ್ತಿರದಿಂದ ನೋಡಿ. ಕೋಟಿನ ಗುಂಡಿಯಷ್ಟು ಅಗಲದ ಬಿಲ್ಲೆಗಳು, ಸಾಮಾನ್ಯವಾಗಿ ಮುಂದೆ ಆರು, ಹಿಂದೆ ಆರು. ಇವೇ ದೂರ ಅಳೆಯುವ ಸೆನ್ಸರ್‌ಗಳು. ಪ್ರತಿಯೊಂದೂ ತೆಳು ಅಲ್ಯೂಮಿನಿಯಂ ಪೊರೆ; ಅದರ ಬೆನ್ನಿಗೆ ಪೀಜೋ ಹರಳು, ಅಂದರೆ ವಿದ್ಯುತ್ ಹರಿಸಿದರೆ ಹಿಗ್ಗಿ ಕುಗ್ಗುವ ಹರಳು. ವಿದ್ಯುತ್ ತಾಗಿದೊಡನೆ ಪೊರೆ ಸೆಕೆಂಡಿಗೆ 40,000ಕ್ಕೂ ಹೆಚ್ಚು ಸಲ ಅದುರಿ, ನಮ್ಮ ಕಿವಿಗೆ ಕೇಳದ ಸದ್ದು ಹೊರಡಿಸುತ್ತದೆ. ಒಂದು ಮೀಟರ್ ಆಚೆಯ ಗೋಡೆಗೆ ತಾಗಿದ ಸದ್ದು ಮರಳಲು ಸುಮಾರು 5.8 ಮಿಲಿಸೆಕೆಂಡ್ ಸಾಕು. ಗಾಳಿ ಬಿಸಿಯಾದಷ್ಟೂ ಸದ್ದಿನ ವೇಗ ಹೆಚ್ಚುವುದರಿಂದ ಹೊರಗಿನ ಉಷ್ಣತೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. 0 ಮತ್ತು 40 ಡಿಗ್ರಿಗಳ ನಡುವೆ ಮೀಟರಿಗೆ ಸುಮಾರು 7 ಸೆಂ.ಮೀ. ವ್ಯತ್ಯಾಸ ಬರುತ್ತದೆ.

ಗಂಟೆ ಬಾರಿಸಿದ ಮೇಲೂ ಅನುರಣಿಸುವಂತೆ ಈ ಪೊರೆಯೂ ಕ್ಷಣಕಾಲ ಅದುರುತ್ತಲೇ ಇರುತ್ತದೆ. ಮರಳಿದ ಸದ್ದನ್ನು ಕೇಳುವುದೂ ಇದೇ ಪೊರೆಯಾದ್ದರಿಂದ, ಆ ಸುಮಾರು ಒಂದು ಮಿಲಿಸೆಕೆಂಡಿನಲ್ಲಿ ಅದು ಕಿವುಡು. ಹಾಗಾಗಿ ಸುಮಾರು 17 ಸೆಂ.ಮೀ.ಗಿಂತ ಹತ್ತಿರದ ವಸ್ತುವಿನ ದೂರ ಸರಿಯಾಗಿ ಸಿಗುವುದಿಲ್ಲ.

ಜಾಗ ಹುಡುಕುವ ಬಗೆ ನಿಜಕ್ಕೂ ಸೊಗಸಾದದ್ದು. ನಿಂತ ಕಾರುಗಳ ಸಾಲನ್ನು ನಿಧಾನವಾಗಿ ದಾಟುವಾಗ ಪಕ್ಕದ ಸೆನ್ಸರ್ ಅಳೆಯುವ ದೂರ 1 ಮೀಟರಿನಿಂದ ದಿಢೀರನೆ 3 ಮೀಟರಿಗೆ ಏರಿದರೆ ಅಲ್ಲಿಂದ ಖಾಲಿ ಜಾಗ ಶುರು. ಮತ್ತೆ 1 ಮೀಟರಿಗೆ ಇಳಿದರೆ ಅಲ್ಲಿಗೆ ಮುಗಿಯಿತು. ನಡುವಿನ ಉದ್ದವನ್ನು ಅಳೆಯುವುದು ಮಾತ್ರ ಸದ್ದಲ್ಲ, ಚಕ್ರ. ಎಬಿಎಸ್‌ಗೆಂದು (ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಚಕ್ರದ ಜೊತೆ ತಿರುಗುವ ಹಲ್ಲಿನ ಬಳೆಯಲ್ಲಿ 48 ಹಲ್ಲುಗಳಿದ್ದು, ಟೈರಿನ ಸುತ್ತಳತೆ 1.92 ಮೀಟರ್ ಇದ್ದರೆ, ಒಂದೊಂದು ಹಲ್ಲು ದಾಟಿದಾಗಲೂ ಕಾರು 4 ಸೆಂ.ಮೀ. ಸಾಗಿದೆ ಎಂದರ್ಥ. ಬೇರೆ ಅಳತೆಯ ಟೈರ್ ಹಾಕಿದರೆ ಈ ಲೆಕ್ಕವೇ ತಪ್ಪುತ್ತದೆ.

ಕಾರಿನ ಉದ್ದಕ್ಕಿಂತ ಸುಮಾರು ಒಂದು ಮೀಟರ್ ಹೆಚ್ಚು ಜಾಗ ಸಿಕ್ಕರೆ ಕಂಪ್ಯೂಟರ್ ಎರಡು ಕಮಾನುಗಳ ದಾರಿ ಹಾಕುತ್ತದೆ: ಮೊದಲದ್ದು ಒಳಕ್ಕೆ, ಎರಡನೆಯದು ಎದುರು ದಿಕ್ಕಿಗೆ. ಸ್ಟೀರಿಂಗ್ ತಿರುಗಿಸುವುದು ಪವರ್ ಸ್ಟೀರಿಂಗಿನ ವಿದ್ಯುತ್ ಮೋಟರೇ. ನಾವು ಸ್ಟೀರಿಂಗ್ ಹಿಡಿದರೆ, ತಿರುಗಿಸುವ ಬಲವನ್ನು ಅಳೆಯುವ ಟಾರ್ಕ್ ಸೆನ್ಸರಿಗೆ ಗೊತ್ತಾಗಿ ವ್ಯವಸ್ಥೆ ಕೈಬಿಡುತ್ತದೆ. 2003ರಲ್ಲಿ ಜಪಾನಿನಲ್ಲಿ ಟೊಯೋಟಾ ಪ್ರಿಯಸ್ ಇದನ್ನು ಮಾರುಕಟ್ಟೆಗೆ ತಂದಾಗ ಸ್ಟೀರಿಂಗ್ ಮಾತ್ರ ಕಾರಿನದು, ಬ್ರೇಕ್ ಚಾಲಕರದೇ ಆಗಿತ್ತು. ಇಂದಿನ ಹಲವು ಕಾರುಗಳು ಗೇರ್, ಬ್ರೇಕ್‌ಗಳನ್ನೂ ತಾವೇ ನೋಡಿಕೊಳ್ಳುತ್ತವೆ.

ಎಡವಟ್ಟಾಗುವುದು ಹೆಚ್ಚಾಗಿ ಸದ್ದು ಮರಳದ ಕಡೆ. ತೆಳು ಕಂಬಿ, ತೂಗುವ ಸರಪಳಿ ಪ್ರತಿಧ್ವನಿಯನ್ನೇ ಕೊಡದಿರಬಹುದು. ಓರೆ ಗೋಡೆ ಅದನ್ನು ಬೇರೆಡೆಗೆ ಚಿಮ್ಮಿಸುತ್ತದೆ. ದಪ್ಪ ಬಟ್ಟೆ ನುಂಗಿಬಿಡುತ್ತದೆ. ಲಾರಿಯ ಹಿಂಬದಿ ಎತ್ತರದಲ್ಲಿ ಚಾಚಿಕೊಂಡಿದ್ದರೆ ಸೆನ್ಸರಿಗೆ ಕಾಣುವುದು ಕೆಳಗಿನ ಚಕ್ರ ಮಾತ್ರ. ಇಂಥಲ್ಲಿ ಬ್ರೇಕ್ ಒತ್ತಬೇಕಾದವರು ನಾವೇ. ಬಿಲ್ಲೆಗೆ ಮೆತ್ತಿದ ಕೆಸರನ್ನು ಮೆತ್ತನೆಯ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಆದರೆ ಬಂಪರಿಗೆ ಹೊಸ ಬಣ್ಣ ಬಳಿಸುವಾಗ ಅದರ ಮೇಲೆ ದಪ್ಪ ಪದರ ಕೂತರೆ ಪೊರೆ ಅದುರುವುದೇ ಕಷ್ಟ. ಆಗ ಸೆನ್ಸರನ್ನೇ ಬದಲಿಸಬೇಕಾದೀತು.