ವಾರಕ್ಕೊಂದು ಡಾಲರ್: ಝೇಲ್ ಮನೆತನದ ಒಡವೆ ಅಂಗಡಿ ಬೆಳೆದದ್ದು, ಕೈತಪ್ಪಿದ್ದು

ಅಮೆರಿಕದ ಟೆಕ್ಸಾಸ್ ರಾಜ್ಯದ ವಿಚಿಟಾ ಫಾಲ್ಸ್‌ನಲ್ಲಿ 1924ರಲ್ಲಿ ಬಾಗಿಲು ತೆರೆದ ಒಡವೆ ಅಂಗಡಿಯೊಂದು ಮುಂದೆ ಆ ದೇಶದ ಅತಿ ದೊಡ್ಡ ಆಭರಣ ಸಂಸ್ಥೆಗಳಲ್ಲಿ ಒಂದಾಯಿತು. ಅದನ್ನು ತೆರೆದ ಮಾರಿಸ್ ಝೇಲ್ ಅಮೆರಿಕದಲ್ಲಿ ಹುಟ್ಟಿದವರಲ್ಲ. 1901ರಲ್ಲಿ ಅಂದಿನ ರಷ್ಯಾ ಸಾಮ್ರಾಜ್ಯದಲ್ಲಿ ಜನಿಸಿದ ಅವರು, ಬಾಲ್ಯದಲ್ಲೇ ತಮ್ಮ ಯಹೂದಿ ಕುಟುಂಬದೊಂದಿಗೆ ವಲಸೆ ಬಂದಿದ್ದರು. ಅಂಗಡಿಯ ಆರಂಭದ ದಿನಗಳಲ್ಲೇ ತಮ್ಮ ವಿಲಿಯಂ ಮತ್ತು ಮುಂದೆ ಭಾವಮೈದುನನಾದ ಬೆನ್ ಲಿಪ್‌ಷಿ ಜೊತೆಗೂಡಿದರು. ಈ ಸಂಸ್ಥೆಯ ಏಳುಬೀಳನ್ನು ಸಾಮಾನ್ಯವಾಗಿ ವಜ್ರದ ಕತೆಯೆಂದು ಹೇಳುವುದುಂಟು. ಲೆಕ್ಕದ ಪುಸ್ತಕದ ಕಡೆಯಿಂದ ನೋಡಿದರೆ ಅದು ಮೊದಲಿನಿಂದ ಕೊನೆಯವರೆಗೂ ಸಾಲದ ಕತೆ.

1881ರಲ್ಲಿ ತ್ಸಾರ್ ಎರಡನೆಯ ಅಲೆಕ್ಸಾಂಡರನ ಹತ್ಯೆಯಾದ ಮೇಲೆ ರಷ್ಯಾದಲ್ಲಿ ಯಹೂದಿಗಳ ಮೇಲೆ ದಾಳಿಗಳು ಹೆಚ್ಚಿದವು. ಅಲ್ಲಿಂದ ಮೊದಲ ಮಹಾಯುದ್ಧದವರೆಗಿನ ಅವಧಿಯಲ್ಲಿ ಪೂರ್ವ ಯುರೋಪಿನಿಂದ ಸುಮಾರು 20 ಲಕ್ಷ ಯಹೂದಿಗಳು ಅಮೆರಿಕಕ್ಕೆ ಬಂದರು. ಅವರಲ್ಲಿ ಹಲವರು ಒಡವೆ ವ್ಯಾಪಾರಕ್ಕಿಳಿದದ್ದು ಆಕಸ್ಮಿಕವಲ್ಲ. ಯುರೋಪಿನ ಎಷ್ಟೋ ಊರುಗಳಲ್ಲಿ ಕುಶಲಕರ್ಮಿಗಳ ಸಂಘಗಳು ಯಹೂದಿಗಳಿಗೆ ಬಾಗಿಲು ಮುಚ್ಚಿದ್ದ ಕಾಲದಲ್ಲಿ, ಅಂಥ ಸಂಘದ ಹಿಡಿತಕ್ಕೆ ಸಿಗದ ವಜ್ರದ ಕಸುಬು ಆಮ್‌ಸ್ಟರ್‌ಡ್ಯಾಮ್‌ನಂಥ ನಗರಗಳಲ್ಲಿ ಅವರ ಕೈಗೆ ಬಂದಿತ್ತು. ಮನೆ, ಹೊಲಗಳನ್ನು ಬಿಟ್ಟು ರಾತ್ರೋರಾತ್ರಿ ಹೊರಡಬೇಕಾದವರಿಗೆ ಸೆರಗಿನ ಗಂಟಿನಲ್ಲಿ ಒಯ್ಯಬಹುದಾದ ಆಸ್ತಿಯ ಬೆಲೆ ಚೆನ್ನಾಗಿ ಗೊತ್ತಿತ್ತು. ಹೊಸ ದೇಶದಲ್ಲಂತೂ ಬಂಡವಾಳವಿಲ್ಲದವನನ್ನು ನಂಬಿ ಕಡವಾಗಿ ಸರಕು ಕೊಡುವವರು ಹೆಚ್ಚಾಗಿ ಅವನ ಬಂಧುಗಳು, ಇಲ್ಲವೇ ಅವನದೇ ಭಾಷೆಯಾಡುವ ಸಗಟು ವ್ಯಾಪಾರಿಗಳು. ಶಾಲೆಯನ್ನು ಅರ್ಧಕ್ಕೆ ಬಿಟ್ಟ ಝೇಲ್ ಕಸುಬು ಕಲಿತದ್ದೂ ಬಂಧುವೊಬ್ಬರ ಒಡವೆ ಅಂಗಡಿಯಲ್ಲೇ.

ಊರಿನ ಆಯ್ಕೆಯೂ ಕೂಡಿಬಂತು. 1918ರಲ್ಲಿ ಸಮೀಪದ ಬರ್ಕ್‌ಬರ್ನೆಟ್‌ನಲ್ಲಿ ತೈಲ ಚಿಮ್ಮಿದ ಮೇಲೆ ವಿಚಿಟಾ ಫಾಲ್ಸ್ ಬೆಳೆದ ವೇಗ ಅಸಾಧಾರಣವಾದುದು: 1910ರ ಜನಗಣತಿಯಲ್ಲಿ ಎಂಟು ಸಾವಿರದಷ್ಟಿದ್ದ ಜನಸಂಖ್ಯೆ 1920ರ ಹೊತ್ತಿಗೆ 40 ಸಾವಿರ ಮುಟ್ಟಿತ್ತು. ತೈಲಬಾವಿಯ ಕಾರ್ಮಿಕನಿಗೆ ಸಂಬಳ ಬರುತ್ತಿತ್ತು, ಆದರೆ ಉಂಗುರದ ಪೂರ್ತಿ ಬೆಲೆಯನ್ನು ಒಂದೇ ಸಲ ಎಣಿಸಿಕೊಡುವಷ್ಟು ಉಳಿತಾಯವಿರಲಿಲ್ಲ. ಒಡವೆಯೆಂದರೆ ಉಳ್ಳವರಿಗೆ ನಗದಿಗೆ ಮಾರುವ ಸರಕು ಎಂದು ನಂಬಿದ್ದ ದೊಡ್ಡ ಅಂಗಡಿಗಳು ಅವನತ್ತ ನೋಡಲಿಲ್ಲ, ಝೇಲ್ ನೋಡಿದರು. ‘ಒಂದು ಸೆಂಟ್ ಮುಂಗಡ, ವಾರಕ್ಕೊಂದು ಡಾಲರ್’ ಎಂಬುದು ಅವರ ಘೋಷವಾಕ್ಯವಾಯಿತು.

ಈ ಸಾಲಿನ ಹಿಂದಿರುವ ಜಾಣ್ಮೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಒಂದು ಸೆಂಟ್ ಮುಂಗಡವೆಂದರೆ ಮುಂಗಡವೇ ಇಲ್ಲವೆಂದು ಅರ್ಥ. ಸರಕು ಹೊರಬೀಳುವಾಗ ಅಂಗಡಿಯವನ ಕೈಯಲ್ಲಿ ಉಳಿಯುವುದು ಗಿರಾಕಿಯ ಮಾತು ಮಾತ್ರ. ಕಂತು ಕಟ್ಟಲು ಅದೇ ಗಿರಾಕಿ ವಾರವಾರವೂ ಅಂಗಡಿಗೆ ಬರುತ್ತಾನೆ, ಬಂದಾಗಲೆಲ್ಲ ಗಾಜಿನ ಪೆಟ್ಟಿಗೆಯತ್ತ ಕಣ್ಣು ಹಾಯಿಸುತ್ತಾನೆ, ಒಂದು ಬಾಕಿ ತೀರುವ ಮೊದಲೇ ಇನ್ನೊಂದಕ್ಕೆ ಮನಸ್ಸು ಮಾಡುತ್ತಾನೆ. ಒಡವೆಯ ಜೊತೆಗೆ ಪಾತ್ರೆ, ಕ್ಯಾಮೆರಾಗಳಂಥ ಸಾಮಾನುಗಳನ್ನೂ ಇಟ್ಟುಕೊಂಡಿದ್ದರಿಂದ ಹೀಗೆ ಮನಸ್ಸು ಮಾಡಲು ಕಾರಣಗಳಿಗೆ ಕೊರತೆಯಿರಲಿಲ್ಲ. ಗಿರಾಕಿಗೆ ಇದು ಅಗ್ಗದ ವ್ಯವಹಾರವಾಗಿತ್ತೆಂದು ಹೇಳಲಾಗದು, ಏಕೆಂದರೆ ಕಂತಿನ ವ್ಯಾಪಾರದಲ್ಲಿ ಕಾಯುವಿಕೆಯ ಬೆಲೆ ಎಲ್ಲೋ ಒಂದು ಕಡೆ ಸೇರಿಯೇ ಇರುತ್ತದೆ. ಆದರೂ ಬ್ಯಾಂಕುಗಳು ಕೂಲಿಕಾರನಿಗೆ ಸಾಲ ಕೊಡಲು ಹಿಂಜರಿಯುತ್ತಿದ್ದ ಆ ದಿನಗಳಲ್ಲಿ, ಗಿರಾಕಿಯ ಮುಖ ನೋಡಿ ಖಾತೆ ತೆರೆಯುವ ಅಂಗಡಿಯವನು ಒಡವೆಯಷ್ಟೇ ಗೌರವವನ್ನೂ ಮಾರುತ್ತಿದ್ದನೆಂಬುದು ನನ್ನ ಅನಿಸಿಕೆ.

ಮುಂದಿನ ಬೆಳವಣಿಗೆಯನ್ನು ಬೇಗ ಹೇಳಿಬಿಡಬಹುದು. ಓಕ್ಲಹೋಮಾದ ಟಲ್ಸಾದಲ್ಲಿ ಎರಡನೆಯ ಅಂಗಡಿ ತೆರೆಯಿತು; 1930ರ ದಶಕದ ಮಹಾಕುಸಿತವನ್ನೂ ಸಂಸ್ಥೆ ದಾಟಿತು; 1946ರಲ್ಲಿ ಕೇಂದ್ರ ಕಚೇರಿ ಡಾಲಸ್‌ಗೆ ಬಂತು. 1947ರಲ್ಲಿ ವಜ್ರದ ದೊಡ್ಡ ಕಂಪನಿಯಾದ ಡಿ ಬಿಯರ್ಸ್ ‘ವಜ್ರ ಶಾಶ್ವತ’ ಎಂಬ ಜಾಹೀರಾತಿನ ಮೂಲಕ ಮದುವೆಯ ನಿಶ್ಚಯಕ್ಕೂ ವಜ್ರದುಂಗುರಕ್ಕೂ ಬಿಡಿಸಲಾಗದ ನಂಟು ಹಾಕತೊಡಗಿದಾಗ, ಅದರ ಫಲ ಕಂತಿನ ಅಂಗಡಿಗಳಿಗೆ ಧಾರಾಳವಾಗಿ ದಕ್ಕಿತು. 1957ರಲ್ಲಿ ಸಂಸ್ಥೆಯ ಷೇರುಗಳು ಸಾರ್ವಜನಿಕರಿಗೆ ಲಭ್ಯವಾದವು. 1969ರಲ್ಲಿ 434.6 ಕ್ಯಾರಟ್‌ನ ಕಚ್ಚಾ ವಜ್ರವೊಂದನ್ನು ಕೊಂಡ ಝೇಲ್ ಸಂಸ್ಥೆ, ಅದರಿಂದ ಕಡೆಸಿದ ಅತಿ ದೊಡ್ಡ ಹರಳಿಗೆ ‘ಲೈಟ್ ಆಫ್ ಪೀಸ್’ ಎಂದು ಹೆಸರಿಟ್ಟಿತು. ವಾರಕ್ಕೊಂದು ಡಾಲರ್‌ನಿಂದ ಅಲ್ಲಿಗೆ 45 ವರ್ಷಗಳ ದಾರಿ.

ಷೇರುಪೇಟೆಗೆ ಬಂದ ಮನೆತನದ ಸಂಸ್ಥೆಯಲ್ಲಿ ಮನೆಯವರ ಮಾತು ನಡೆಯುವುದು ಹೊರಗಿನ ಷೇರುದಾರರು ಒಪ್ಪುವವರೆಗೆ ಮಾತ್ರ. ತೈಲದ ಬೆಲೆ ಕುಸಿದು ಟೆಕ್ಸಾಸ್ ತತ್ತರಿಸುತ್ತಿದ್ದ 1986ರಲ್ಲಿ, ಕೆನಡಾದ ಪೀಪಲ್ಸ್ ಜ್ಯುವೆಲರ್ಸ್ ಮತ್ತು ಹರಳುಗಾಜಿನ ಸಾಮಾನು ತಯಾರಿಸುವ ಆಸ್ಟ್ರಿಯಾದ ಸ್ವರೋವ್‌ಸ್ಕಿ ಕೂಡಿ, ಮನೆತನದ ಪ್ರತಿರೋಧದ ನಡುವೆಯೇ ಸಂಸ್ಥೆಯನ್ನು ಕೊಂಡವು. ಇವೆರಡೂ ಕುಟುಂಬಗಳ ಹಿಡಿತದಲ್ಲಿದ್ದ ಸಂಸ್ಥೆಗಳೇ. ಸ್ವರೋವ್‌ಸ್ಕಿಯಂತೂ ಬೊಹೀಮಿಯಾದಿಂದ ಟಿರೋಲ್‌ಗೆ ಬಂದು 1895ರಲ್ಲಿ ನೆಲೆಯೂರಿದವನೊಬ್ಬ ಕಟ್ಟಿದ್ದು. ಖರೀದಿಗೆ ಬಳಸಿದ ಹಣದಲ್ಲಿ ದೊಡ್ಡ ಪಾಲು ಹೆಚ್ಚಿನ ಬಡ್ಡಿಯ ಸಾಲವಾಗಿತ್ತು, ಅದರ ಹೊರೆ ಝೇಲ್ ಸಂಸ್ಥೆಯ ಹೆಗಲಿಗೇ ಬಿತ್ತು. ಸಾಲ ಕೊಟ್ಟು ಬೆಳೆದಿದ್ದ ಅಂಗಡಿ 1992ರಲ್ಲಿ ಸಾಲ ತೀರಿಸಲಾಗದೆ ದಿವಾಳಿ ನ್ಯಾಯಾಲಯದ ರಕ್ಷಣೆಗೆ ಹೋಯಿತು, ನೂರಾರು ಮಳಿಗೆಗಳು ಮುಚ್ಚಿದವು. ಮರುವರ್ಷ ಚೇತರಿಸಿಕೊಂಡ ಸಂಸ್ಥೆ 1999ರಲ್ಲಿ ಅದೇ ಪೀಪಲ್ಸ್ ಜ್ಯುವೆಲರ್ಸನ್ನು ಕೊಂಡುಕೊಂಡದ್ದು ವ್ಯಾಪಾರದ ವಿನೋದಗಳಲ್ಲೊಂದು. ಅದನ್ನು ನೋಡಲು ಮಾರಿಸ್ ಝೇಲ್ ಇರಲಿಲ್ಲ. ಅವರು 1995ರಲ್ಲಿ ತೀರಿಕೊಂಡಿದ್ದರು.

2014ರಲ್ಲಿ ಸುಮಾರು 140 ಕೋಟಿ ಡಾಲರಿಗೆ ಝೇಲ್ ಸಂಸ್ಥೆಯನ್ನು ಕೊಂಡ ಸಿಗ್ನೆಟ್ ಕೂಡ ಬ್ರಿಟನ್ನಿನ ರ‍್ಯಾಟ್ನರ್ ಕುಟುಂಬದ ಒಡವೆ ವ್ಯಾಪಾರದಿಂದ ಬೆಳೆದದ್ದು. ಆ ಕುಟುಂಬದ ಜೆರಾಲ್ಡ್ ರ‍್ಯಾಟ್ನರ್ 1991ರಲ್ಲಿ ಸಭೆಯೊಂದರಲ್ಲಿ ತಮ್ಮದೇ ಅಂಗಡಿಯ ಸರಕನ್ನು ಕಸವೆಂದು ಹಾಸ್ಯ ಮಾಡಿ, ಷೇರಿನ ಬೆಲೆಯನ್ನು ನೆಲಕ್ಕಿಳಿಸಿ, ಅಧಿಕಾರ ಕಳೆದುಕೊಂಡಿದ್ದರು. ಸಂಸ್ಥೆ ಹೆಸರನ್ನೇ ಬದಲಿಸಬೇಕಾಯಿತು. ಅದೇ ಸಿಗ್ನೆಟ್ 2017ರಲ್ಲಿ, ಗಿರಾಕಿಗಳಿಗೆ ತಾನು ಕೊಟ್ಟಿದ್ದ ಸಾಲಗಳಲ್ಲಿ ಸುಮಾರು 100 ಕೋಟಿ ಡಾಲರಿನ ಖಾತೆಗಳನ್ನು ಹಣಕಾಸು ಸಂಸ್ಥೆಯೊಂದಕ್ಕೆ ಮಾರಲು ನಿರ್ಧರಿಸಿತು. ಝೇಲ್ಸ್ ಎಂಬ ಫಲಕ ಅಮೆರಿಕದ ಮಾಲ್‌ಗಳಲ್ಲಿ ಈಗಲೂ ಇದೆ, ಉಂಗುರ ಈಗಲೂ ಕಂತಿಗೆ ಸಿಗುತ್ತದೆ. ಆದರೆ ಕಂತು ಕಟ್ಟಲು ಯಾರೂ ವಾರವಾರ ಅಂಗಡಿಯ ಮೆಟ್ಟಿಲು ಹತ್ತಬೇಕಾಗಿಲ್ಲ.