ಉಪವಿಭಾಗಾಧಿಕಾರಿಗಳ ಆದೇಶವನ್ನು ಶಾಸಕರು ಬದಲಿಸಬಲ್ಲರೇ?

ಪ್ರಶ್ನೆ: ಪಾವಗಡ ತಾಲ್ಲೂಕಿನ ನಮ್ಮ ಜಮೀನಿನ ಖಾತೆ ವಿಚಾರದಲ್ಲಿ ಮಧುಗಿರಿಯ ಉಪವಿಭಾಗಾಧಿಕಾರಿಗಳು ಮೇಲ್ಮನವಿಯನ್ನು ನಮ್ಮ ವಿರುದ್ಧ ತೀರ್ಮಾನಿಸಿದ್ದಾರೆ. ಶಾಸಕರಿಂದ ಹೇಳಿಸಿ ಅದನ್ನು ರದ್ದುಪಡಿಸಬಹುದೇ?

ಉತ್ತರ: ಆಗದು. ಕಂದಾಯ ಕಾನೂನಿನ ತಿದ್ದುಪಡಿಗೆ ಮತ ಹಾಕುವುದು, ಇಲಾಖೆಯ ಲೋಪವನ್ನು ಸದನದಲ್ಲಿ ಪ್ರಶ್ನಿಸುವುದು ಶಾಸಕರ ಅಧಿಕಾರ. ಒಬ್ಬ ರೈತನ ಮ್ಯುಟೇಷನ್ (ಖಾತೆ ಬದಲಾವಣೆ) ಪ್ರಕರಣದಲ್ಲಿ ಇಂತಹುದೇ ಆದೇಶ ಬರೆಯಿರಿ ಎನ್ನುವ ಅಧಿಕಾರ ಅವರಿಗಿಲ್ಲ.

ಗೊಂದಲಕ್ಕೆ ಕಾರಣವಿದೆ. ಉಪವಿಭಾಗಾಧಿಕಾರಿಗಳು ಕಾರ್ಯಾಂಗಕ್ಕೆ ಸೇರಿದವರು; ಚುನಾವಣೆ, ಬರ ಪರಿಹಾರಗಳ ಕೆಲಸ ನೋಡುವವರೇ ವಿಚಾರಣೆಯ ದಿನ ಪೀಠದಲ್ಲಿ ಕುಳಿತು ಎರಡೂ ಕಡೆಯ ವಕೀಲರ ವಾದ ಕೇಳುತ್ತಾರೆ. ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರ್ಪಡಿಸಲು ರಾಜ್ಯವು ಕ್ರಮ ಕೈಗೊಳ್ಳಬೇಕೆಂದು ಸಂವಿಧಾನದ 50ನೇ ವಿಧಿ ನಿರ್ದೇಶಿಸುತ್ತದಾದರೂ, 1964ರ ಕರ್ನಾಟಕ ಭೂಕಂದಾಯ ಅಧಿನಿಯಮವು ಈ ಅರೆನ್ಯಾಯಿಕ ಕೆಲಸವನ್ನು ಕಂದಾಯ ಅಧಿಕಾರಿಗಳ ಕೈಯಲ್ಲೇ ಇಟ್ಟಿದೆ. ಆದರೆ ಆ ಪೀಠದಲ್ಲಿರುವಷ್ಟು ಹೊತ್ತು ಅವರು ಮಂತ್ರಿಗಳ ಮಾತಿಗೂ ಬದ್ಧರಲ್ಲ; ಇನ್ನೊಬ್ಬರ ಅಪ್ಪಣೆಯಂತೆ ಬರೆದ ಆದೇಶವನ್ನು ಹೈಕೋರ್ಟ್ ಅದೊಂದೇ ಕಾರಣಕ್ಕೆ ರದ್ದುಪಡಿಸಬಹುದು. ನಮ್ಮ ಕಡೆ ಕಚೇರಿಗೆ ಹೋಗುವ ಮೊದಲು ಶಿಫಾರಸು ಪತ್ರ ಹುಡುಕುವುದು ರೂಢಿ. ಇಂತಹ ಕಡತದಲ್ಲಿ ಆ ಪತ್ರ ಸೇರಿಕೊಂಡರೆ ಅದರಿಂದ ಅನುಕೂಲವಾಗುವುದು ಎದುರು ಪಕ್ಷಕ್ಕೆ.

ನಿಮಗಿರುವ ದಾರಿ ಅದೇ ಅಧಿನಿಯಮದ 136(3)ನೇ ಕಲಮಿನಡಿ ತುಮಕೂರಿನ ಜಿಲ್ಲಾಧಿಕಾರಿಗಳ ಮುಂದೆ ರಿವಿಷನ್ (ಆದೇಶದ ಮರುಪರಿಶೀಲನೆ) ಅರ್ಜಿ ಸಲ್ಲಿಸುವುದು. ಅಲ್ಲಿಯೂ ಸೋತರೆ ಹೈಕೋರ್ಟಿನಲ್ಲಿ ರಿಟ್ ಅರ್ಜಿಗೆ ಅವಕಾಶವಿದೆ. ಜಮೀನು ಯಾರದೆಂಬುದೇ ಮೂಲ ವ್ಯಾಜ್ಯವಾಗಿದ್ದರೆ ಸಿವಿಲ್ ನ್ಯಾಯಾಲಯಕ್ಕೆ ಹೋಗುವುದೇ ಸರಿ, ಏಕೆಂದರೆ ಖಾತೆ ಬದಲಾವಣೆಯ ಆದೇಶವು ಮಾಲೀಕತ್ವವನ್ನು ತೀರ್ಮಾನಿಸುವುದಿಲ್ಲ. ಆ ನ್ಯಾಯಾಲಯವು ಹಕ್ಕು ಘೋಷಿಸಿ ಡಿಕ್ರಿ (ತೀರ್ಪಿನ ಆದೇಶ) ನೀಡಿದರೆ ಪಹಣಿಯನ್ನು ಅದಕ್ಕೆ ತಕ್ಕಂತೆ ತಿದ್ದಬೇಕಾಗುತ್ತದೆ.

ಸಂಸದರ ಮೂಲಕ ದೆಹಲಿಯಿಂದ ಹೇಳಿಸಿದರೆ ಹೇಗೆ ಎಂದು ಕೇಳುವವರೂ ಇದ್ದಾರೆ. ಪಾವಗಡವು ಚಿತ್ರದುರ್ಗ ಲೋಕಸಭಾ ಕ್ಷೇತ್ರಕ್ಕೆ ಸೇರಿದ್ದರೂ, ಭೂಮಿಯು ಸಂವಿಧಾನದ 7ನೇ ಅನುಸೂಚಿಯ ರಾಜ್ಯಪಟ್ಟಿಯಲ್ಲಿ 18ನೇ ವಿಷಯ; ಅದರ ಕಾನೂನು ರೂಪುಗೊಳ್ಳುವುದು ರಾಜ್ಯದ ವಿಧಾನಮಂಡಲದಲ್ಲಿ. ಬಹುಪಾಲು ಆಂಧ್ರದಿಂದಲೇ ಸುತ್ತುವರಿದ ನಿಮ್ಮ ತಾಲ್ಲೂಕಿನಲ್ಲಿ ಗಡಿಯ ಎರಡೂ ಬದಿಗೆ ಹೊಲವುಳ್ಳವರು ಇದನ್ನು ಅನುಭವದಿಂದಲೇ ಬಲ್ಲರು: ಆಚೆಯ ಹೊಲಕ್ಕೆ ಆಂಧ್ರದ ಕಾನೂನು, ಆಂಧ್ರದ ತಹಶೀಲ್ದಾರರು, ಮಧುಗಿರಿಯ ಕಚೇರಿಗೆ ಅದರ ಮೇಲೆ ಯಾವ ಅಧಿಕಾರವೂ ಇಲ್ಲ.